ಗಾಡಿಯ ಭಾರ ಹೊತ್ತ ದಾರಿ

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಟ್ರೈಲರು, ಅದರೊಳಗೊಂದು ಹಾಸಿಗೆ, ಹಿಂಬದಿಯ ಬಾಗಿಲೆತ್ತಿದರೆ ಒಂದು ಒಲೆ: ಇದೆಲ್ಲ ವಿದೇಶದಿಂದ ಬಂದ ಹೊಸ ಹವ್ಯಾಸವೆಂದೇ ನಮ್ಮಲ್ಲಿ ಅನೇಕರ ಎಣಿಕೆ. ಕೇಂದ್ರ ಪ್ರವಾಸೋದ್ಯಮ ಇಲಾಖೆ ಈ ಬಗೆಯ ಕ್ಯಾರವಾನ್ ಪ್ರವಾಸಕ್ಕೆ ನೀತಿ ರೂಪಿಸಿದ್ದು 2010ರ ಸುಮಾರಿಗೆ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಅದಕ್ಕೆ ಜಾಗ ಸಿಕ್ಕಿತು. ಈ ಲೆಕ್ಕದಲ್ಲಿ ಇದರ ಇತಿಹಾಸ ಇಪ್ಪತ್ತು ವರ್ಷವನ್ನೂ ದಾಟುವುದಿಲ್ಲ. ಆದರೆ ಬೆಂಗಳೂರು ಪೇಟೆಯ ಯಲಹಂಕ ಬಾಗಿಲಿನಿಂದ ಹೊರಟು, ಹೆಬ್ಬಾಳದ ಕೆರೆಯ ಮಗ್ಗುಲಲ್ಲಿ ಸಾಗಿ, ಯಲಹಂಕದಲ್ಲಿ ಕವಲೊಡೆದು, ಒಂದು ಕಡೆ ದೇವನಹಳ್ಳಿ–ನಂದಿಗೂ ಇನ್ನೊಂದು ಕಡೆ ದೊಡ್ಡಬಳ್ಳಾಪುರ–ಘಾಟಿಗೂ ಹೋಗುವ ದಾರಿಯ ಹಳೆಯ ಸಂಚಾರವನ್ನು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಎರಡು ಚಕ್ರದ ಮೇಲೆ ಮಲಗುವ ಮನೆಯನ್ನು ಹೂಡಿಕೊಂಡು ಸಂಸಾರ ಸಮೇತ ಹೊರಡುವ ಪದ್ಧತಿ ಈ ದಾರಿಗೆ ಹೊಸದಲ್ಲ. ಬಾಗಿದ ಸೂರಿನ ಎತ್ತಿನ ಗಾಡಿ, ಕಮಾನು ಗಾಡಿ, ಇತ್ತು ಎಂದು ಹೆಮ್ಮೆಪಡುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಆ ಗಾಡಿ ಹಗುರವಾಗಿರಲು ಸಾಧ್ಯವಾದದ್ದು ಯಾತರಿಂದ, ಇವತ್ತಿನ ಟ್ರೈಲರು ಹಗುರವಾಗಲು ಹೆಣಗುತ್ತಿರುವುದು ಯಾಕೆ ಎಂಬುದು ಇಲ್ಲಿಯ ಪ್ರಶ್ನೆ. ನನಗೆ ಕಾಣುವ ಉತ್ತರ ಇಷ್ಟು: ಪ್ರಯಾಣದ ಭಾರದಲ್ಲಿ ದೊಡ್ಡ ಪಾಲನ್ನು ಅಂದು ದಾರಿಯೇ ಹೊತ್ತಿತ್ತು, ಇಂದು ದಾರಿ ಅದನ್ನು ಕೆಳಗಿಳಿಸಿದೆ, ಗಾಡಿ ಎತ್ತಿಕೊಂಡಿದೆ.

ಮೊದಲು ಒಂದು ಭ್ರಮೆಯನ್ನು ಬಿಡಬೇಕು. ಎತ್ತಿನ ಗಾಡಿ ಅನಾದಿ ಕಾಲದಿಂದ ಈ ಸೀಮೆಯ ಎಲ್ಲ ದಾರಿಗಳಲ್ಲೂ ಓಡಾಡಿಕೊಂಡಿತ್ತು ಎಂದು ನಾವು ಅಂದುಕೊಂಡಿರುತ್ತೇವೆ. ಹೊಲದಿಂದ ಕಣಕ್ಕೆ, ಕಣದಿಂದ ಮನೆಗೆ ಗಾಡಿ ಇತ್ತು, ನಿಜ. ದೂರದ ಸಾಗಾಣಿಕೆ ಮಾತ್ರ ಬಹುಕಾಲ ಎತ್ತಿನ ಬೆನ್ನಿನ ಮೇಲೆಯೇ ನಡೆಯಿತು. ಲಂಬಾಣಿಗರು ಹೇರೆತ್ತುಗಳ ಹಿಂಡಿನ ಮೇಲೆ ಉಪ್ಪು, ದವಸ ಹೇರಿಕೊಂಡು ನಾಡಿನುದ್ದಕ್ಕೂ ತಿರುಗುತ್ತಿದ್ದರು. 1791ರ ಮಾರ್ಚಿನಲ್ಲಿ ಇಂಗ್ಲಿಷ್ ಸೇನಾಧಿಪತಿ ಕಾರ್ನ್‌ವಾಲಿಸ್ ಬೆಂಗಳೂರು ಪೇಟೆಯನ್ನೂ ಕೋಟೆಯನ್ನೂ ಹಿಡಿದಾಗ ಅವನ ಸೈನ್ಯದ ದೊಡ್ಡ ತಲೆನೋವು ಎತ್ತುಗಳದ್ದೇ. ದವಸಕ್ಕೆ ಇಂಥ ಹೇರೆತ್ತಿನ ವ್ಯಾಪಾರಿಗಳನ್ನೇ ಅವನು ನೆಚ್ಚಬೇಕಾಯಿತು. ಮೈಸೂರು ಅರಸರ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎನಿಸಿಕೊಂಡ ಆ ದನಗಳ ಇಲಾಖೆ, ಬೆಳೆದದ್ದು ಕೂಡ ಫಿರಂಗಿ ಮತ್ತು ಸಾಮಾನು ಎಳೆಯುವ ಚುರುಕು ಎತ್ತುಗಳಿಗಾಗಿ. ಸಾಮಾನ್ಯ ಸಂಸಾರ ಗಾಡಿ ಹೂಡಿ ಎರಡು ಮೂರು ದಿನದ ದಾರಿ ಹೋಗಬೇಕಾದರೆ ಮೊದಲು ಗಾಡಿ ಓಡುವ ರಸ್ತೆ ಬೇಕು. ಅದು ಆದದ್ದು ಮಾರ್ಕ್ ಕಬ್ಬನ್ ಕಮಿಷನರಾಗಿದ್ದ 1834ರಿಂದ 1861ರ ಅವಧಿಯಲ್ಲಿ. ಆ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆಯೂ 300ಕ್ಕೂ ಹೆಚ್ಚು ಸೇತುವೆಗಳೂ ಆದವು. ನಂದಿ ಬೆಟ್ಟದ ಮೇಲೆ ಕಬ್ಬನ್ ಬೇಸಿಗೆ ಕಳೆಯಲು ಮನೆ ಕಟ್ಟಿಕೊಂಡಿದ್ದರಿಂದ ಯಲಹಂಕ–ದೇವನಹಳ್ಳಿ ದಾರಿಗೆ ಅಧಿಕಾರಿಗಳ ಓಡಾಟವೂ ಸೇರಿಕೊಂಡಿತು. ಹಾಗಾಗಿ ಬಾಡಿಗೆ ಗಾಡಿ, ಸವಾರಿ ಗಾಡಿ, ಕಮಾನು ಗಾಡಿಗಳ ನಿಜವಾದ ಕಾಲ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗಿನ ನೂರು ವರ್ಷ. ಪುರಾತನವೆಂದು ನಾವು ತಿಳಿದದ್ದರಲ್ಲಿ ಬಹುಪಾಲು ರಸ್ತೆಯ ಹಿಂದೆಯೇ ಬಂದದ್ದು.

ಇನ್ನು ಗಾಡಿಯನ್ನೇ ನೋಡೋಣ. ಜಾಲಿ ಮರದ ಗುಂಬ, ಕೆಂಡದಲ್ಲಿ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರು ಹೊಯ್ದು ಬಿಗಿಸಿದ ಕಬ್ಬಿಣದ ಪಟ್ಟಿ, ಇರುಸು, ಅದರ ತುದಿಗೆ ಕಡಾಣಿ, ಮುಂದಕ್ಕೆ ಚಾಚಿದ ಮೂಕಿ, ಅದರ ತುದಿಯಲ್ಲಿ ನೊಗ. ಸಾಮಾನು ಸಾಗಿಸುವ ಗಾಡಿಯ ಸ್ವಂತ ತೂಕವೇ ಇನ್ನೂರೈವತ್ತು ಮುನ್ನೂರು ಕೆ.ಜಿ. ಆಗುತ್ತಿತ್ತು. ಸವಾರಿಗೆಂದು ಮಾಡಿದ ಗಾಡಿ ಇದಕ್ಕಿಂತ ಹಗುರ. ಅನುಕೂಲಸ್ಥರು ಅದಕ್ಕೆ ಉಕ್ಕಿನ ಸ್ಪ್ರಿಂಗು ಹಾಕಿಸಿಕೊಳ್ಳುತ್ತಿದ್ದರು. ಬಿದಿರು ದಬ್ಬೆ ಬಗ್ಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿದರೆ ಸೂರು. ಅಡಿಗೆ ದಪ್ಪನಾಗಿ ಹುಲ್ಲು ಹರಡಿ ಜಮಖಾನ ಹಾಸಿದರೆ ಹಾಸಿಗೆ. ಆ ಹುಲ್ಲಿನ ಉಪಾಯ ನೋಡಿ: ಹೋಗುವಾಗ ಕುಲುಕಾಟ ತಡೆಯುವ ಮೆತ್ತೆ, ರಾತ್ರಿ ಮಲಗುವ ಹಾಸು, ಅಗತ್ಯ ಬಿದ್ದರೆ ಎತ್ತಿಗೆ ಮೇವು. ಒಂದೇ ವಸ್ತು ಮೂರು ಕೆಲಸ ಮಾಡಬೇಕೆಂಬುದು ಇವತ್ತಿನ ಟ್ರೈಲರು ವಿನ್ಯಾಸಕರೂ ಪಾಲಿಸುವ ನಿಯಮ. ಆದರೆ ಹುಲ್ಲಿನಷ್ಟು ಅಗ್ಗವಾಗಿ ಅದನ್ನು ಸಾಧಿಸಿದವರು ಕಡಿಮೆ.

ಗಾಡಿ ಸಜ್ಜು ಮಾಡುವುದರಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸಮತೋಲ. ಎರಡು ಚಕ್ರದ ಗಾಡಿ ಇರುಸಿನ ಮೇಲೆ ತಕ್ಕಡಿಯಂತೆ ಕೂತಿರುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ; ಹಿಂಭಾರವಾದರೆ ನೊಗ ಮೇಲೆದ್ದು ಕೊರಳಿನ ಕಣ್ಣಿ ಬಿಗಿಯುತ್ತದೆ. ಭಾರ ಇರುಸಿಗಿಂತ ಎತ್ತರದಲ್ಲಿ ಇರುವುದರಿಂದ ಇಳಿಜಾರಿನಲ್ಲಿ ಅದು ಹೆಗಲಿನ ಕಡೆ ವಾಲುತ್ತದೆ, ಏರಿನಲ್ಲಿ ಹಿಂದಕ್ಕೆ ಜಗ್ಗುತ್ತದೆ. ಅದಕ್ಕೇ ಏರು ಬಂದಾಗ ಗಾಡಿ ಹೊಡೆಯುವವನು ಮೂಕಿಯ ಕಡೆ ಸರಿದು ಕೂರುವುದು, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುವುದು. ಯಶವಂತಪುರದ ಪಕ್ಕದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಆರ್. ರಾಘವನ್ ಮತ್ತು ಡಿ. ಎಲ್. ಪ್ರಸನ್ನರಾವ್ 1979ರಲ್ಲಿ ಪ್ರಕಟಿಸಿದ ಎತ್ತಿನ ಗಾಡಿಯ ಅಧ್ಯಯನದಲ್ಲಿ ಈ ಬಲಗಳನ್ನೆಲ್ಲ ಲೆಕ್ಕಕ್ಕೂ ಅಳತೆಗೂ ಒಳಪಡಿಸಿದರು. ಗಾಡಿಕಾರನು ಅಂಡು ಸರಿಸಿ ಸಾಧಿಸುತ್ತಿದ್ದುದು ಅಲ್ಲಿ ಸಮೀಕರಣವಾಯಿತು. ಕಾರಿನ ಹಿಂದಿನ ಟ್ರೈಲರಿಗೂ ಇದೇ ಕಟ್ಟುಪಾಡು. ಒಟ್ಟು ತೂಕದ ಹತ್ತನೆಯ ಒಂದು ಪಾಲಿನ ಆಸುಪಾಸು ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೈಲರು ಹಾವಿನಂತೆ ಹೊಯ್ದಾಡುತ್ತದೆ, ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಸಡಿಲುತ್ತದೆ. ಎತ್ತು ತಪ್ಪನ್ನು ಕೂಡಲೇ ತಿಳಿಸುತ್ತಿತ್ತು, ಹೆಜ್ಜೆ ನಿಲ್ಲಿಸಿ. ಕಾರು ಗಂಟೆಗೆ ಎಂಬತ್ತು ಕಿಲೋಮೀಟರ್ ಮುಟ್ಟುವವರೆಗೆ ಸುಮ್ಮನಿದ್ದುಬಿಡುತ್ತದೆ.

ಈ ಗಾಡಿಯನ್ನು ಹೂಡಿಕೊಂಡು ಹೋಗುತ್ತಿದ್ದ ಪ್ರಯಾಣಗಳಲ್ಲಿ ದೊಡ್ಡವು ಎರಡು. ಪುಷ್ಯ ಮಾಸದ ಘಾಟಿ ಸುಬ್ರಹ್ಮಣ್ಯದ ಜಾತ್ರೆ, ಮತ್ತು ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ಜಾತ್ರೆ. ಎರಡೂ ದೇವರ ಜಾತ್ರೆಗಳು, ಎರಡೂ ದನಗಳ ಜಾತ್ರೆಗಳು. ಹಳ್ಳಿಕಾರ್ ಜೋಡಿ ಕೊಳ್ಳುವವರು, ಮಾರುವವರು, ಹರಕೆ ಹೊತ್ತವರು ಎಲ್ಲರೂ ದಿನಗಟ್ಟಲೆ ಅಲ್ಲೇ ಇರಬೇಕು. ಗಾಡಿಯೇ ಮನೆ, ಗಾಡಿಯ ಕೆಳಗೆ ಅಂಗಳ. ಬೆಂಗಳೂರು ಪೇಟೆಯಿಂದ ಘಾಟಿಗೆ ಅರವತ್ತು ಕಿಲೋಮೀಟರಿನ ಆಸುಪಾಸು. ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡೆಯುವ ಎತ್ತಿಗೆ ಅದು ಎರಡು ದಿನದ ದಾರಿ, ನಡುವೆ ಒಂದು ರಾತ್ರಿ ತಂಗಲೇಬೇಕು. ಈಗ ಭಾರದ ಲೆಕ್ಕ ಹಾಕಿ. ಒಂದು ಎತ್ತು ದಿನಕ್ಕೆ ಮೂವತ್ತು ನಲವತ್ತು ಲೀಟರ್ ನೀರು ಕುಡಿಯುತ್ತದೆ, ಎಂಟು ಹತ್ತು ಕೆ.ಜಿ. ಒಣಮೇವು ತಿನ್ನುತ್ತದೆ. ಜೋಡಿಗೆ ಎರಡು ದಿನದ ನೀರನ್ನು ಗಾಡಿಯಲ್ಲೇ ಹೊರುವುದಾದರೆ ನೂರೈವತ್ತು ಕೆ.ಜಿ. ಹತ್ತಿರ ನೀರೇ ಆಯಿತು. ಜನಕ್ಕೆ ಬೇಕಾದದ್ದು ಬೇರೆ. ಯಾರೂ ಹಾಗೆ ಹೊರಲಿಲ್ಲ, ಹೊರಬೇಕಾಗಿಯೂ ಇರಲಿಲ್ಲ. ಹೆಬ್ಬಾಳದ ಕೆರೆ, ಜಕ್ಕೂರು ಕೆರೆ, ಅಲ್ಲಾಳಸಂದ್ರದ ಕೆರೆ, ಯಲಹಂಕದ ಕೆರೆ, ಪುಟ್ಟೇನಹಳ್ಳಿ ಕೆರೆ: ಗಂಟೆ ಎರಡು ಗಂಟೆಗೊಂದು ನೀರಿನ ನೆಲೆ. ಊರ ಮುಂದೆ ಗುಂಡುತೋಪು, ಅಲ್ಲಿ ಮಾವು, ಹುಣಸೆ, ನೇರಳೆ, ಹೊಂಗೆಯ ನೆರಳು. ಬಿದ್ದ ಕಡ್ಡಿಯೇ ಒಲೆಗೆ ಸೌದೆ. ರಸ್ತೆಯ ಇಕ್ಕೆಲದಲ್ಲಿ ಸಾಲುಮರ. ನಡುನಡುವೆ ಅರವಟಿಗೆ, ಛತ್ರ, ಹೊರೆ ಇಳಿಸಲು ಕಲ್ಲಿನ ಸುಮೈತಾಂಗಿ. ಮನೆಯಿಂದ ತಂದದ್ದು ರೊಟ್ಟಿ, ಹುರಿಹಿಟ್ಟು, ಪಾತ್ರೆ, ಕಂಬಳಿ, ಒಂದು ಲಾಟೀನು, ಕೀಲೆಣ್ಣೆಯ ಬಿದಿರು ಕೊಳವೆ. ಅಡುಗೆಮನೆ, ಬಚ್ಚಲು, ನೀರಿನ ತೊಟ್ಟಿ, ಕೊಟ್ಟಿಗೆ ಇವೆಲ್ಲ ದಾರಿಯಲ್ಲೇ ಇದ್ದವು. ಗಾಡಿಯ ಹಗುರತನಕ್ಕೆ ಬಡಗಿ ಎಷ್ಟು ಕಾರಣನೋ, ಕೆರೆ ಕಟ್ಟಿಸಿದವರೂ ತೋಪು ನೆಟ್ಟವರೂ ಅಷ್ಟೇ ಕಾರಣ.

ಇದನ್ನು ಇಂಗ್ಲೆಂಡಿನ ಒಂದು ಗಾಡಿಯೊಡನೆ ಇಟ್ಟು ನೋಡುವುದು ಉಪಯುಕ್ತ. ವಿಹಾರಕ್ಕೆಂದೇ ಮಾಡಿಸಿದ ಮೊದಲ ಕ್ಯಾರವಾನ್ ಎಂದು ಅಲ್ಲಿನವರು ಹೇಳುವುದು, ನೌಕಾಪಡೆಯ ವೈದ್ಯನಾಗಿದ್ದ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಿಸಿದ ‘ವಾಂಡರರ್’ ಅನ್ನು. ಮಹಾಗನಿ ಮರದ ಒಳಾಂಗಣ, ಪುಸ್ತಕದ ಕಪಾಟು, ಎಳೆಯಲು ಎರಡು ಕುದುರೆ, ಟನ್ನುಗಟ್ಟಲೆ ತೂಕ. ಇಷ್ಟೆಲ್ಲ ಇದ್ದೂ ಆತ ದಾರಿಯಿಂದ ಸ್ವತಂತ್ರನಾಗಲಿಲ್ಲ: ಮುಂದಿನ ದಾರಿ ಹೇಗಿದೆ, ರಾತ್ರಿ ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ನೋಡಿಕೊಳ್ಳಲು ಅವನ ಆಳು ಮೂರು ಚಕ್ರದ ಸೈಕಲ್ಲಿನ ಮೇಲೆ ಮುಂದೆ ಹೋಗುತ್ತಿದ್ದ. ಕುದುರೆಗಳಿಗೆ ಲಾಯ ಬೇಕಲ್ಲ. ಎಲ್ಲವನ್ನೂ ಒಳಗೇ ಇಟ್ಟುಕೊಂಡ ಗಾಡಿಗೂ ಹೊರಗಿನ ಏರ್ಪಾಡು ತಪ್ಪಲಿಲ್ಲ. ಬಯಲಿಗೆ ಬಿಟ್ಟ ಸೌಕರ್ಯವನ್ನು ಗಾಡಿಯೊಳಗೆ ತುರುಕಿದಷ್ಟೂ ತೂಕ ಏರಿತು ಅಷ್ಟೆ. 1919ರ ನಂತರ ಮೋಟಾರು ಎಳೆಯುವ ಟ್ರೈಲರುಗಳು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗತೊಡಗಿದ ಮೇಲೆ ಮತ್ತು 1930ರ ದಶಕದಲ್ಲಿ ಅಮೆರಿಕದಲ್ಲಿ ಕಣ್ಣೀರ ಹನಿಯಾಕಾರದ ಪುಟ್ಟ ಟ್ರೈಲರುಗಳು ಬಂದ ಮೇಲೆ ಅವರು ಹುಡುಕಿದ್ದೂ ಮಲಗುವಷ್ಟು ಜಾಗ ಒಳಗೆ, ಅಡುಗೆ ಹೊರಗೆ ಎಂಬ ಸೂತ್ರವನ್ನೇ. ಕಮಾನು ಗಾಡಿಯ ಹೆಂಗಸರು ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದುದು ಅದೇ ಸೂತ್ರ.

ಇಷ್ಟು ಹೇಳಿದರೆ ಎರಡು ಆಕ್ಷೇಪ ಬರಬೇಕು, ಎರಡೂ ಬಲವಾದವು. ಒಂದು, ಇದೆಲ್ಲ ಬಡತನದ ವೈಭವೀಕರಣ, ದನಗಳ ಪಾಲಿಗಂತೂ ಹಿಂಸೆ ಎಂಬುದು. ಬೆಂಗಳೂರಿನ ಐಐಎಂನ ಸ್ಥಾಪಕ ನಿರ್ದೇಶಕ ಎನ್. ಎಸ್. ರಾಮಸ್ವಾಮಿ 1970ರ ದಶಕದಿಂದ ಊರೂರಿಗೆ ಸಾರಿದ್ದು ಇದನ್ನೇ: ಸಾಂಪ್ರದಾಯಿಕ ಗಾಡಿ ತಾನೇ ಭಾರ, ಅದರ ಒರಟು ನೊಗ ಎತ್ತಿನ ಹೆಗಲಿಗೆ ಹುಣ್ಣು ತರುತ್ತದೆ, ಕಬ್ಬಿಣದ ಕಿರುಪಟ್ಟಿ ರಸ್ತೆಯನ್ನು ಕೊರೆಯುತ್ತದೆ, ಆದ್ದರಿಂದ ನಯವಾದ ಬೇರಿಂಗು, ರಬ್ಬರು ಟೈರು, ಒಳ್ಳೆಯ ನೊಗ ಬೇಕು. ಅವರ ಮಾತು ಸರಿ. ಕಮಾನು ಗಾಡಿ ಪರಿಪೂರ್ಣ ವಾಹನವೆಂದು ಯಾರಾದರೂ ವಾದಿಸಿದರೆ ಸೋಲುತ್ತಾರೆ. ಆದರೆ ಈ ಟೀಕೆ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ಅಷ್ಟು ಕುಂದುಗಳಿದ್ದ ಗಾಡಿಯೂ ಸಂಸಾರವೊಂದನ್ನು ಎರಡು ದಿನದ ದಾರಿಗೆ ಸುಖವಾಗಿ ಮುಟ್ಟಿಸುತ್ತಿತ್ತು ಎಂದರೆ ಯಂತ್ರಕ್ಕಿಂತ ಏರ್ಪಾಡು ಹೆಚ್ಚು ಕೆಲಸ ಮಾಡುತ್ತಿತ್ತು ಎಂದೇ ಅರ್ಥ. ಟೈರು, ಬೇರಿಂಗು ಬಂದ ಮೇಲೆ ಗಾಡಿ ಸುಧಾರಿಸಿತು. ಅದೇ ಹೊತ್ತಿಗೆ ದಾರಿಯ ಬದಿ ಬರಿದಾಯಿತು. ಕಮಾನು ಗಾಡಿಯ ಯಾತ್ರೆ ನಿಂತುಹೋದದ್ದು ಗಾಡಿ ಸುಧಾರಿಸದೆ ಇದ್ದುದರಿಂದಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಆ ದಾರಿ ಯಾರ ಭಾರ ಹೊತ್ತಿತ್ತು? ಛತ್ರಗಳು ಜಾತಿಯ ಹೆಸರಿನಲ್ಲಿ ನಡೆಯುತ್ತಿದ್ದವು, ಬಾವಿಗಳಿಗೆ ಎಲ್ಲರೂ ಕೊಡ ಇಳಿಸುವಂತಿರಲಿಲ್ಲ. ದಲಿತ ಸಂಸಾರವೊಂದು ಅದೇ ದಾರಿಯಲ್ಲಿ ಹೊರಟರೆ ಅದಕ್ಕೆ ಅದೇ ನೆರಳು, ಅದೇ ನೀರು ಸಿಗುತ್ತಿರಲಿಲ್ಲ. ಅವರ ಪ್ರಯಾಣ ಹಗುರವಾಗಿರಲಿಲ್ಲ. ಇದನ್ನು ಮರೆಮಾಚಿ ಗುಂಡುತೋಪಿನ ಹಾಡು ಹೇಳುವುದು ಅಪ್ರಾಮಾಣಿಕ. ನಮ್ಮ ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಒಂದೊಂದಾಗಿ ಹೆಸರಿಸಿ ಎಲ್ಲರಿಗೂ ತೆರೆದದ್ದು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಧರ್ಮಶಾಲೆ, ಮುಸಾಫರಖಾನೆಗಳ ಬಾಗಿಲು ಮುಚ್ಚುವುದನ್ನು ಅಪರಾಧವೆಂದದ್ದು ಈ ಕಾರಣಕ್ಕೇ. ಇಲ್ಲಿ ಒಂದು ವಿಪರ್ಯಾಸವಿದೆ, ಕಹಿಯಾದದ್ದು. ಕಾನೂನು ಈ ಜಾಗಗಳನ್ನು ಎಲ್ಲರಿಗೂ ತೆರೆದ ಕೆಲವು ದಶಕಗಳಲ್ಲೇ, ಬೆಂಗಳೂರಿನ ಉತ್ತರದ ದಾರಿಯಲ್ಲಾದರೂ, ಆ ಜಾಗಗಳೇ ಇಲ್ಲವಾಗುತ್ತ ಬಂದವು. ಎಲ್ಲರಿಗೂ ಸಿಗಬೇಕಾದದ್ದು ಯಾರಿಗೂ ಸಿಗದಂತಾಯಿತು. ಹಳೆಯ ದಾರಿಯ ಅನ್ಯಾಯ ಹೇಳಿ ಹೊಸ ದಾರಿಯ ಬರಡುತನವನ್ನು ಒಪ್ಪಿಕೊಳ್ಳಬೇಕಿಲ್ಲ.

ರೈಲು ಬಂದದ್ದರಿಂದ ಗಾಡಿ ಹೋಯಿತು ಎಂಬ ಸುಲಭ ವಿವರಣೆಯೂ ಉಂಟು. ಯಶವಂತಪುರ, ಯಲಹಂಕ, ದೊಡ್ಡಬಳ್ಳಾಪುರದ ಮೂಲಕ ಹಿಂದೂಪುರದ ಕಡೆಗೆ ಮೀಟರ್‌ಗೇಜ್ ರೈಲು 1890ರ ದಶಕದಲ್ಲೇ ಓಡಿತು; ಘಾಟಿಗೆ ಹತ್ತಿರದ ಮಾಕಳಿದುರ್ಗದಲ್ಲಿ ನಿಲ್ದಾಣವಾಯಿತು. 1910ರ ದಶಕದಲ್ಲಿ ದೇವನಹಳ್ಳಿ, ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿಯ ಪುಟ್ಟ ರೈಲೂ ಬಂತು. ಆದರೆ ರೈಲು ನಿಲ್ದಾಣದಿಂದ ಜಾತ್ರೆಗೆ, ಜಾತ್ರೆಯಲ್ಲಿ ವಾಸಕ್ಕೆ, ದನ ತರುವುದಕ್ಕೆ ಗಾಡಿ ಬೇಕೇ ಆಗಿತ್ತು; ರೈಲು ಬಂದ ಮೇಲೂ ಐವತ್ತು ಅರವತ್ತು ವರ್ಷ ಅದು ಉಳಿಯಿತು. ರೈಲು ಮಾಡಿದ್ದು ಬೇರೊಂದು ಕೆಲಸ: ದಾನಿಗಳ ಹಣವನ್ನು ರಸ್ತೆಯಿಂದ ನಿಲ್ದಾಣಕ್ಕೆ ಸೆಳೆಯಿತು. ಗುಬ್ಬಿ ತೋಟದಪ್ಪನವರು 1903ರಲ್ಲಿ ಛತ್ರ ತೆರೆದದ್ದು ಬೆಂಗಳೂರಿನ ರೈಲು ನಿಲ್ದಾಣದ ಎದುರು. ಕೆಲವು ದಶಕ ಹಿಂದೆ ಹುಟ್ಟಿದ್ದರೆ ಆ ಪುಣ್ಯಾತ್ಮರು ಅದನ್ನು ಯಾವುದಾದರೂ ಗಾಡಿ ದಾರಿಯ ಮೇಲೆ ಕಟ್ಟಿಸುತ್ತಿದ್ದರೇನೋ. ಆಮೇಲೆ ಬಸ್ಸು, ಲಾರಿ. ಬಳ್ಳಾರಿ ರಸ್ತೆ ರಾಷ್ಟ್ರೀಯ ಹೆದ್ದಾರಿಯಾಯಿತು, 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ಬಂತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ. ಅಗಲವಾದಾಗಲೆಲ್ಲ ರಸ್ತೆ ಮೊದಲು ನುಂಗಿದ್ದು ತನ್ನ ಬದಿಯ ಮರವನ್ನು. ಕೆರೆಗಳಲ್ಲಿ ಉಳಿದವಕ್ಕೆ ಬೇಲಿ, ಗೇಟು, ಒಳಬಿಡುವ ಸಮಯದ ಫಲಕ. ಘಾಟಿಗೆ ಈಗ ದನಗಳು ಬರುವುದು ಟಾಟಾ ಏಸ್‌ನಂಥ ಚಿಕ್ಕ ಗೂಡ್ಸ್ ಗಾಡಿಯಲ್ಲಿ. ಉತ್ತರ ಕರ್ನಾಟಕದಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಟ್ರ್ಯಾಕ್ಟರಿನ ಟ್ರೈಲರಿಗೆ ತಾಡಪಾಲು ಕಟ್ಟಿ ಇಡೀ ಕೇರಿಯೇ ಹೊರಡುತ್ತದೆ, ಸವಾರಿ ಬಂಡಿಗಳೂ ಇನ್ನೂ ಬರುತ್ತವೆ. ಯಾಕೆಂದರೆ ಗುಡ್ಡದ ಸುತ್ತ ಬಿಡಾರ ಹೂಡಲು ಬಯಲು ಇನ್ನೂ ಇದೆ. ಗಾಡಿಯ ಬಗೆ ಬದಲಾದರೂ ತಂಗುವ ನೆಲ ಉಳಿದಲ್ಲಿ ಪದ್ಧತಿ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ಪುಟ್ಟ ಟ್ರೈಲರು ಕೊಳ್ಳಲು ಅಥವಾ ಪೀಣ್ಯದ ಶೆಡ್ಡೊಂದರಲ್ಲಿ ಬೆಸುಗೆ ಹಾಕಿಸಲು ಹೊರಟವರ ಪಟ್ಟಿಯನ್ನು ತೂಗಿ ನೋಡೋಣ. ಯುರೋಪಿನಲ್ಲಿ ಸ್ವಂತ ಬ್ರೇಕಿಲ್ಲದ ಟ್ರೈಲರಿಗೆ ಹೇರು ಸಮೇತ 750 ಕೆ.ಜಿ. ಮಿತಿ, ನಮ್ಮ ಸಾಧಾರಣ ಕಾರುಗಳಿಗೆ ಅದೂ ಹೆಚ್ಚೇ. ಅದರೊಳಗೆ ನಾಲ್ಕು ಜನಕ್ಕೆ ಎಂಬತ್ತು ಲೀಟರಿನ ನೀರಿನ ತೊಟ್ಟಿ, ಎಂದರೆ ಎಂಬತ್ತು ಕೆ.ಜಿ. ಮನೆಯ ಗ್ಯಾಸ್ ಸಿಲಿಂಡರು ತುಂಬಿದ್ದರೆ ಮೂವತ್ತು. ಯುಪಿಎಸ್‌ನಂಥ ದೊಡ್ಡ ಬ್ಯಾಟರಿ ಐವತ್ತು. ಮೇಲೆ ಸೌರಫಲಕ, ಒಳಗೆ ಶೌಚದ ಪೆಟ್ಟಿಗೆ, ಅದರ ನೀರು, ಬಿಸಿಲಿಗೆ ನೆರಳಿನ ಮೇಲಾಪು, ಅದರ ಕಂಬಗಳು. ಇನ್ನೂರು ಕೆ.ಜಿ. ಸಲೀಸಾಗಿ ದಾಟಿತು, ಒಬ್ಬರೂ ಇನ್ನೂ ಕಾಲು ಚಾಚಿ ಮಲಗಿಲ್ಲ. ಈ ಪಟ್ಟಿಯಲ್ಲಿ ಪ್ರಯಾಣಕ್ಕೆಂದೇ ಬೇಕಾದದ್ದು ಯಾವುದು? ಕೆರೆ ಹೋಗಿ ತೊಟ್ಟಿಯಾಯಿತು, ತೋಪಿನ ಸೌದೆ ಹೋಗಿ ಸಿಲಿಂಡರಾಯಿತು, ಮರದ ನೆರಳು ಹೋಗಿ ಮೇಲಾಪಾಯಿತು. ಬಯಲಲ್ಲಿ ಸೌದೆ ಉರಿಸುವುದೂ ಕೆರೆಯ ದಡದಲ್ಲಿ ಶೌಚಕ್ಕೆ ಕೂರುವುದೂ ಇಂದಿಗೆ ತಕ್ಕುದಲ್ಲ, ಒಪ್ಪಿದೆ. ಅದಕ್ಕೆ ಪರಿಹಾರ ಪ್ರತಿಯೊಂದು ಟ್ರೈಲರೂ ಒಂದು ಶೌಚಾಲಯ ಹೊತ್ತು ತಿರುಗುವುದಲ್ಲ, ತಂಗುವ ಜಾಗದಲ್ಲಿ ಒಂದು ಕಟ್ಟುವುದು. ನಲ್ಲಿ, ಶೌಚಾಲಯ, ಬೇಲಿ, ಹತ್ತು ಮರ, ಒಂದು ವಿದ್ಯುತ್ ದೀಪ: ಇಷ್ಟಿದ್ದ ಜಾಗ ನಲವತ್ತು ಐವತ್ತು ಕಿಲೋಮೀಟರಿಗೊಂದು ಇದ್ದರೆ ನಾಲ್ಕು ನೂರು ಕೆ.ಜಿ.ಯ ಟ್ರೈಲರಿನಲ್ಲಿ ಸಂಸಾರ ಆರಾಮವಾಗಿ ಹೋಗಿಬರಬಹುದು.

ಆದ್ದರಿಂದ ಟ್ರೈಲರು ಆರಿಸುವವರು ಅದರ ಒಳಗಿನ ಕಪಾಟುಗಳನ್ನು ಎಣಿಸುವ ಮೊದಲು ತಾವು ಎಲ್ಲಿ ತಂಗುವವರು ಎಂಬುದನ್ನು ಬರೆದುಕೊಳ್ಳಲಿ. ಆ ಜಾಗದಲ್ಲಿ ಸಿಗುವುದನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಲಿ. ಟ್ರೈಲರು ಪ್ರತ್ಯೇಕ ವಾಹನವಾದ್ದರಿಂದ ನೋಂದಣಿ ಬೇಕೆಂಬುದನ್ನೂ ಮರೆಯದಿರಲಿ. ಪ್ರವಾಸೋದ್ಯಮ ಇಲಾಖೆಗೆ ಹೇಳಬೇಕಾದದ್ದು ಬೇರೆ ಇದೆ. ಕ್ಯಾರವಾನ್ ಪಾರ್ಕಿಗೆಂದು ಹೊಸ ಜಮೀನು ಹುಡುಕುವ ಮುನ್ನ ಕಂದಾಯ ದಾಖಲೆ ತೆರೆದು ನೋಡಬಹುದು. ಗುಂಡುತೋಪು ಎಂಬ ಹೆಸರಿನಲ್ಲಿ ಗುರುತಾದ ಸಾರ್ವಜನಿಕ ಜಮೀನು ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕುಗಳ ಪಹಣಿಗಳಲ್ಲಿ ಇಂದಿಗೂ ಇದೆ. ಒತ್ತುವರಿಯಾಗದೆ ಉಳಿದವುಗಳಲ್ಲಿ ಹತ್ತನ್ನು ಆರಿಸಿ, ಮರ ನೆಟ್ಟು, ನಲ್ಲಿ ಹಾಕಿ, ಯಾವ ಜಾತಿಯವರೂ ಯಾವ ವಾಹನದವರೂ ಒಂದು ರಾತ್ರಿ ತಂಗುವಂತೆ ಬಿಟ್ಟುಕೊಡಿ.